ಕರಿ ಅಂಗಿಯ ಮೀನು

ಹುಚ್ಚೀರಪ್ಪಜ್ಜ ಒಮ್ಮೆ ಅಂಗಿಗೆ ಅಚ್ಚೊತ್ತಿದ ಕೊಕ್ಕರೆ ರೆಕ್ಕೆ ಬಡಿದು ಹೊಳೆ ದಾಟಿ ಹೋಗಿತ್ತಂತೆ. ಅಂಗಿ ತೊಟ್ಟವನು ತೀರಿಕೊಂಡ. ಅಂಗಿ ಹರಿದುಹೋಯಿತು. ಕೊಕ್ಕರೆಯಂತೂ ತಿರುಗಿ ಬರಲಿಲ್ಲ. ಇನ್ನು ಸುಳ್ಳು ಎನ್ನುವವರು ಯಾರು?

ಆ ಅಜ್ಜನ ಶೆಡ್ಡಿನಲ್ಲಿ ನೀಲವ್ವ ಎರಡು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧಮಾಡುವುದು, ಫಿಲ್ಮು ಎನ್ನುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕುವುದು, ಬಿಸಿ ಪ್ರೆಸ್ಸಿನಲ್ಲಿ ಅದನ್ನು ಅಂಗಿಗೆ ಒತ್ತುವುದು.

ಅವತ್ತು ಹರಿಗೋಲು ಪಂದ್ಯದವರು ಎಂಟು ಕರಿ ಅಂಗಿ ತಂದರು. ಜೊತೆಗೆ, ಕಾಗದದ ಮೇಲೆ ತಾವೇ ಬರೆದ ಒಂದು ಮೀನು. ಪಂದ್ಯ ಮರುದಿನ ಬೆಳಿಗ್ಗೆ. ಶೆಡ್ಡಿನಲ್ಲಿ ಉಳಿದಿದ್ದು ಎಂಟು ಮೀನಿಗಾಗುವಷ್ಟೇ ಫಿಲ್ಮು.

ಇದನ್ನು ನೀನೇ ಮಾಡು, ಸರಿಬಂದರೆ ನಾಳೆಯಿಂದ ನನಗೆ ತೋರಿಸುವುದೇ ಬೇಡ ಎಂದಿದ್ದ ಅಜ್ಜ.

ನೀಲವ್ವ ಕಾಗದವನ್ನು ಸ್ಕ್ಯಾನ್ ಮಾಡಿದಳು. ಸುತ್ತಲಿನ ಬಿಳಿಯನ್ನೆಲ್ಲ ಕತ್ತರಿಸಿ ತೆಗೆದಳು. ಬೆಳ್ಳಗಿನ ಪರದೆಯ ಮೇಲೆ ಮೀನು ಒಂದೇ ಚೊಕ್ಕವಾಗಿ ನಿಂತಿತು. ಪ್ರಿಂಟಿಗೆ ಕೊಡಲು ಕೈ ಎತ್ತಿದಳು.

ಅಜ್ಜ ಪರದೆಯತ್ತ ಒಮ್ಮೆ ನೋಡಿದ. ಫಿಲ್ಮಿಗೆ ಹಾಕುವ ಬಿಳಿ ಅಂಟುಪುಡಿಯ ಡಬ್ಬಿ ತೆರೆದು, ಒಂದು ಚಿಟಿಕೆ ತೆಗೆದು, ಬಿಳಿ ಹಾಳೆಯ ಮೇಲೆ ಉದುರಿಸಿದ.

"ಏನು ಕಾಣ್ತದ ತಂಗಿ?"

"ಏನೂ ಇಲ್ರಿ ಅಜ್ಜಾರ."

ಅಜ್ಜ ಹಾಳೆಯನ್ನು ಎತ್ತಿ ಕರಿ ಅಂಗಿಯೊಂದರ ಮೇಲೆ ಕೊಡವಿದ.

"ಈಗ?"

ಕರಿಯ ಮೇಲೆ ಪುಡಿಯ ಒಂದೊಂದು ಕಣವೂ ನೀಲವ್ವನ ಕಣ್ಣಿಗೆ ಬಿತ್ತು. ಅಂಗಿಯನ್ನು ಹೊರಗೆ ಒಯ್ದು ಚೆನ್ನಾಗಿ ಝಾಡಿಸಿದಳು. ಬಂದು ಕೂತು, ಪರದೆಯಲ್ಲಿ ಮೀನಿನ ಹಿಂದೆ ಕರಿ ಬಣ್ಣ ತುಂಬಿದಳು.

ಮೀನಿನ ಸುತ್ತ ಬಿಳಿ ಅಂಚು ಎದ್ದು ಬಂತು. ರೆಕ್ಕೆಯ ಸಂದಿಯಲ್ಲಿ ಕಾಗದದ ಬಿಳಿ ಚೂರು. ಎಲ್ಲೆಲ್ಲೂ ಬೂದಿ ಚೆಲ್ಲಿದ ಹಾಗೆ ಚುಕ್ಕೆಗಳು. ಒತ್ತಿದ್ದರೆ ಎಂಟೂ ಅಂಗಿ ಕೆಡುತ್ತಿದ್ದವು.

ಒಂದೊಂದೇ ಚುಕ್ಕೆ ಅಳಿಸುತ್ತ ಕೂತಳು. ಅಂಚನ್ನು ಕೂದಲೆಳೆಯಷ್ಟು ಒಳಗೆ ಸರಿಸಿದಳು. ಊಟದ ಹೊತ್ತು ಮೀರಿತು. ಕೊನೆಗೆ ಹಿಂದಿನ ಕರಿ ತೆಗೆದುಹಾಕಿ, ಮೀನನ್ನಷ್ಟೇ ಪ್ರಿಂಟಿಗೆ ಕೊಟ್ಟಳು.

ಮೊದಲ ಅಂಗಿಯಿಂದ ಫಿಲ್ಮು ಸುಲಿದಾಗ, ಮೀನು ಈಗಷ್ಟೇ ನೀರಿನಿಂದ ತಲೆ ಎತ್ತಿದಂತಿತ್ತು. ಎಂಟೂ ಹಾಗೇ ಬಂದವು. ಹರಿಗೋಲಿನವರು ಅಲ್ಲೇ ತೊಟ್ಟುಕೊಂಡು, ಒಬ್ಬರೆದೆ ಒಬ್ಬರು ನೋಡಿ ನಗುತ್ತ ಹೋದರು.

ನೀಲವ್ವನ ಎದೆ ಹಗುರಾಯಿತು. ಹೀಗೆ ಕರಿಯ ಮೇಲಿಟ್ಟು ನೋಡುವುದನ್ನು ನಿಮಗೆ ಕಲಿಸಿದವರು ಯಾರು ಎಂದು ಅಜ್ಜನನ್ನು ಕೇಳಿದಳು.

ಕಾಶಿಯ ಒಬ್ಬ ಸಾಧು ಎಂದ ಅಜ್ಜ. ಕಗ್ಗತ್ತಲಲ್ಲಿ ಕರಿ ಇರುವೆಯ ಮೀಸೆ ಎಣಿಸುತ್ತಿದ್ದನಂತೆ. ಅವನ ಕಾಲ ಬಳಿ ಹನ್ನೆರಡು ವರ್ಷ ಕೂತು ಕಲಿತಿದ್ದಂತೆ. ಹೇಳುತ್ತ ಹೇಳುತ್ತ, ಪ್ರೆಸ್ಸಿನ ಕಾವಿಗೆ ಬೆವರಿನಿಂದ ಒದ್ದೆಯಾದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಒಳಗಿದ್ದದ್ದು ಕರಿ ಬನಿಯನ್ನು. ಎದೆಯ ಮೇಲೊಂದು ನವಿಲು. ನವಿಲಿನ ಸುತ್ತ ದಪ್ಪ ಬಿಳಿ ಅಂಚು, ಮೈತುಂಬ ಬಿಳಿ ಚುಕ್ಕೆ.

ನೀಲವ್ವ ನವಿಲನ್ನು ನೋಡಿದಳು, ಅಜ್ಜನ ಮುಖ ನೋಡಿದಳು.

"ಅಜ್ಜಾರ, ಇದನ್ನ ಒತ್ತಿದ್ದೂ ಆ ಸಾಧುನೇ ಏನ್ರಿ?"

ಅಜ್ಜ ಬಗ್ಗಿ ಎದೆ ನೋಡಿಕೊಂಡು, ಹೆಗಲು ಕುಣಿಸಿದ.

"ಕಾಶಿ ಭಾಳ ದೂರ ತಂಗಿ. ಕಲಿಸಾಕ ಇದು ಮೈಮೇಲೇ ಇತ್ತು."