ತುಂಬಿ ಕಟ್ಟಿಕೊಂಡ ಕೊಳವೆ

ಆಳಿನ ಮಾತು ಕೇಳದೆ ಅವನನ್ನು ಸೋಮಾರಿ ಎಂದದ್ದು ಯಜಮಾನನ ತಪ್ಪು. ಯಜಮಾನ ಎಂದರೆ ರಕ್ತ ಪರೀಕ್ಷಿಸುವ ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ದೊಡ್ಡ ಪ್ರೋಗ್ರಾಮು. ಆಳು ಅವನ ಕೈಕೆಳಗಿನ ಸಾಗಣೆ ಪ್ರೋಗ್ರಾಮು. ವರದಿಗಳ ಫೈಲುಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಅವನ ಕೆಲಸ. ಒಂದು ಫೈಲು ಮುಟ್ಟಿತೆಂದು ಪರದೆಯ ಮೇಲೆ ಹೇಳಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು ಅವನ ಹುಟ್ಟುಗುಣ.

"ನಿನ್ನ ಗೊಣಗಾಟ ಪರದೆಯ ಮೇಲೆ ಬೇಡ. ಈ ಕೊಳವೆಯೊಳಗೆ ಹೇಳಿಕೋ. ಕೆಲಸವೆಲ್ಲ ಮುಗಿದ ಮೇಲೆ ಒಟ್ಟಿಗೆ ಕೇಳುತ್ತೇನೆ" ಎಂದ ಯಜಮಾನ. ಕೊಳವೆ ಎಂದರೆ ಒಂದು ಪ್ರೋಗ್ರಾಮಿನ ಮಾತು ಇನ್ನೊಂದಕ್ಕೆ ಹೋಗುವ ಪುಟ್ಟ ದಾರಿ; ಆ ತುದಿಯಲ್ಲಿ ಕೇಳಿದಷ್ಟೇ ಅದು ಖಾಲಿಯಾಗುತ್ತದೆ.

"ಅಪ್ಪಣೆ, ಒಡೆಯಾ" ಎಂದು ಆಳು ಹೊರಟ.

ಅರ್ಧ ಕೆಲಸವಾಗುವಷ್ಟರಲ್ಲಿ ಕೊಳವೆ ಕೂಗಿತು: "ಅಣ್ಣಾ, ನನ್ನ ಹೊಟ್ಟೆ ಬಿರಿಯುತ್ತಿದೆ. ಇನ್ನೊಂದು ಮಾತೂ ಹಿಡಿಸದು!"

ಹೇಳದೆ ಮುಂದೆ ಹೋಗುವಂತಿಲ್ಲ, ಹೇಳಲು ಜಾಗವಿಲ್ಲ. ಆಳು ನಿಂತಲ್ಲೇ ನಿಂತ. ಮುಂದೆ ಕಳಿಸಬೇಕಾಗಿದ್ದದ್ದು ಹೆರಿಗೆಯಲ್ಲಿ ರಕ್ತ ಸೋರಿ ಮಲಗಿದ್ದ ಬಾಣಂತಿಯೊಬ್ಬಳ ವರದಿ. ಯಜಮಾನ ಮಾತ್ರ ಕೆಲಸ ಮುಗಿಯಲೆಂದು ಕಾಯುತ್ತಲೇ ಇದ್ದ. ಕೊನೆಗೆ ಸಿಟ್ಟಿಗೆದ್ದ.

"ಸೋಮಾರಿ! ನಿನ್ನನ್ನು ಇಲ್ಲೇ ಮುಗಿಸುತ್ತೇನೆ. ಕೊನೆಯ ಮಾತೇನಾದರೂ ಇದ್ದರೆ ಬೊಗಳು" ಎಂದು ಕೊಳವೆಗೆ ಕಿವಿಯಿಟ್ಟ.

ಮುಟ್ಟಿತು, ಮುಟ್ಟಿತು, ಇದೂ ಮುಟ್ಟಿತು ಎಂಬ ಮಾತುಗಳು ದಬದಬನೆ ಸುರಿದವು. "ಉಸ್ಸಪ್ಪಾ!" ಎಂದಿತು ಕೊಳವೆ. ಜಾಗ ಸಿಕ್ಕಿದ್ದೇ ತಡ, ಆಳು ಓಡಿದ. ವರದಿ ವೈದ್ಯರ ಕೈಸೇರಿತು, ಬಾಣಂತಿಗೆ ರಕ್ತ ಸಿಕ್ಕಿತು, ಜೀವ ಉಳಿಯಿತು.

"ಹಾಗಾದರೆ ಆಗ ನಿಂತದ್ದೇಕೋ?" ಎಂದು ಯಜಮಾನ ಕೇಳಿದ.

"ನೀವು ಕೇಳಲಿಲ್ಲವಲ್ಲ, ಒಡೆಯಾ."

ನಿಮ್ಮ ಕೈಕೆಳಗೂ ಯಾರೋ ನಿಂತುಹೋಗಿದ್ದಾರೆ. ಬೈಯುವುದನ್ನು ಬಿಡಿ. ಈಗಲೇ ಎದ್ದು ಹೋಗಿ ಅವರ ಮಾತು ಕೇಳಿ.