ಬಸವನಹುಳು ನಿಂತ ನಾಲ್ಕನೇ ಸಾಲು

ಸಾಫ್ಟ್‌ವೇರ್ ಪುಸ್ತಕಗಳನ್ನು ಕೂಡಿ ಓದುವ ಆನ್‌ಲೈನ್ ಬಳಗವೊಂದಕ್ಕೆ ಬಸವನಹುಳು ಹೊಸದಾಗಿ ಸೇರಿತ್ತು. ವಾರದ ಅಧ್ಯಾಯದಲ್ಲಿರುವ ಪ್ರೋಗ್ರಾಮನ್ನು ಮನೆಯಲ್ಲಿ ನೋಡಿ ಬರೆದು, ರನ್ ಮಾಡಿ, ಭಾನುವಾರ ವಿಡಿಯೋ ಕರೆಯಲ್ಲಿ ಎಲ್ಲರೆದುರು ಏನಾಯಿತೆಂದು ಹೇಳಬೇಕೆಂಬುದು ಅಲ್ಲಿಯ ಕಟ್ಟಳೆ.

“ಒಂದೇ ಏಟಿಗೆ ರನ್ ಆಯಿತು,” ಎಂದಿತು ಮೊಲ.

“ನನಗಂತೂ ನೀರು ಕುಡಿದಷ್ಟು ಸುಲಭ,” ಎಂದಿತು ಗಿಳಿ.

ಬಸವನಹುಳುವಿನ ಜೀವ ಬಾಯಿಗೆ ಬಂತು. ಏಳು ದಿನ ಹೆಣಗಿದರೂ ಅದರ ಪ್ರೋಗ್ರಾಂ ಮಿಸುಕಿರಲಿಲ್ಲ. ನಿಜ ಹೇಳಿದರೆ ದಡ್ಡನೆಂದು ಹೊರಗಟ್ಟುತ್ತಾರೆ. ಸುಳ್ಳು ಹೇಳಿದರೆ ಎಲ್ಲಿ, ತೋರಿಸು ಎನ್ನುತ್ತಾರೆ. ಸರದಿ ಬರುವಷ್ಟರಲ್ಲಿ ಅದರ ಕ್ಯಾಮೆರಾದಲ್ಲಿ ಬರೀ ಚಿಪ್ಪು ಕಾಣುತ್ತಿತ್ತು.

“ನಿನ್ನದೇನಾಯಿತಪ್ಪಾ?” ಎಂದು ಬಳಗದ ಹಿರಿಯ ಗೂಬೆ ಕೇಳಿತು.

“ಆಗಲಿಲ್ಲ, ಗುರುಗಳೇ,” ಎಂದು ಚಿಪ್ಪಿನೊಳಗಿಂದ ದನಿ ಬಂತು. “ನಾಲ್ಕನೇ ಸಾಲಿಗೇ ನಿಂತುಬಿಡುತ್ತದೆ.”

ಮೊಲ ಕಿಸಕ್ಕನೆ ನಕ್ಕಿತು. ಗೂಬೆ ನಗಲಿಲ್ಲ.

“ಪುಸ್ತಕದ ಆ ಸಾಲಿನಲ್ಲೇ ಅಚ್ಚಿನ ತಪ್ಪಿದೆ. ತಿದ್ದದ ಹೊರತು ಅದು ಯಾರಿಗೂ ರನ್ ಆಗದು. ಮೊಲರಾಯರೇ, ತಾವು ಏನು ತಿದ್ದಿದಿರಿ?”

ಮೊಲದ ಕ್ಯಾಮೆರಾ ತಟ್ಟನೆ ಆಫ್ ಆಯಿತು. ಅದೇ ಹೊತ್ತಿಗೆ ಗಿಳಿಗೆ ನೆಟ್‌ವರ್ಕ್ ಕೈಕೊಟ್ಟಿತು. ಚಿಪ್ಪಿಲ್ಲದವರೆಲ್ಲ ಅಡಗಿದ ಮೇಲೆ, ಬಸವನಹುಳುವಿನ ಎರಡು ಕೊಂಬು ಮೆಲ್ಲಗೆ ಹೊರಬಂದವು.