ಬಾಳೆದಿಂಡು ಕಲಿಸಿದ ಮೊನೆ

ಹೊಸ ಬೇಟೆಗಾರ ಕಾಟಯ್ಯನ ಬತ್ತಳಿಕೆಯಲ್ಲಿ ಎರಡೇ ಬಾಣಗಳಿದ್ದವು. ಒಂದಕ್ಕೆ ಅಂಗೈಯಗಲದ ಭಾರವಾದ ಮೊನೆ, ಇನ್ನೊಂದಕ್ಕೆ ಹುಣಸೆಬೀಜದಷ್ಟು ಕಿರಿದಾದ ಮೊನೆ. ಮೂರು ತಿಂಗಳು ಬಾಳೆದಿಂಡಿಗೆ ಗುರಿಯಿಟ್ಟು ಅವನು ಕಲಿತದ್ದೆಲ್ಲ ಕಿರುಮೊನೆಯಲ್ಲೇ.

ಪೊದೆ ಸೀಳಿಕೊಂಡು ಕಾಡುಹಂದಿ ಅವನ ಮೇಲೆ ನುಗ್ಗಿದಾಗ ಅವನ ಕೈ ಮಾತ್ರ ಅಗಲ ಮೊನೆಯನ್ನು ಹಿಡಿಯಿತು.

"ಬಾಳೆದಿಂಡು ಚುಚ್ಚುವವಳಿಗೆ ಹಂದಿ ಬೀಳುತ್ತದೆಯೇ? ನೀನು ಸುಮ್ಮನೆ ಕೂತುಕೋ, ತಂಗಿ," ಎಂದಿತು ಅಗಲ ಮೊನೆ ಕಿರುಮೊನೆಗೆ.

ಕಿರುಮೊನೆಗೆ ಕಾಟಯ್ಯನ ಜೀವದ ಚಿಂತೆ. "ಬಿಲ್ಲಜ್ಜ, ಅಕ್ಕ ಅಲ್ಲಿಯವರೆಗೆ ಮುಟ್ಟುವಳೇ?"

"ಇಷ್ಟು ಭಾರವನ್ನು ನಾನು ಎಂದೂ ಎಸೆದಿಲ್ಲ, ಮಗಳೇ. ಅವನೂ ಎಸೆದಿಲ್ಲ," ಎಂದಿತು ಬಿಲ್ಲು.

ಹೆದೆ ಮಿಡಿಯಿತು. ಅಗಲ ಮೊನೆ ಅರ್ಧ ದಾರಿಯಲ್ಲೇ ತಲೆಬಾಗಿ ಮಣ್ಣಿಗೆ ನಾಟಿತು. ಹಂದಿ ಅದನ್ನು ತುಳಿದುಕೊಂಡೇ ಬಂತು.

"ಬಾಳೆದಿಂಡೆಂದುಕೋ, ಅಣ್ಣ!" ಎಂದು ಕಿರುಮೊನೆ ಕೂಗಿತು. ಕಾಟಯ್ಯ ಅದನ್ನು ಹೆದೆಗೇರಿಸಿ ಎಳೆದು ಬಿಟ್ಟ. ಹಂದಿ ಅವನ ಪಾದದ ಬಳಿ ಬಂದು ಉರುಳಿತು.

ಬತ್ತಳಿಕೆಗೆ ಮರಳಿದ ಅಗಲ ಮೊನೆ, ಮೈತುಂಬ ಕೆಸರಿದ್ದರೂ, "ಈಗಲೂ ನಿನಗಿಂತ ನಾನೇ ಹರಿತ," ಎಂದಿತು.

"ಹೌದಕ್ಕ," ಎಂದಿತು ಕಿರುಮೊನೆ. "ನಾಳೆ ಬಾಳೆದಿಂಡಿನ ಹತ್ತಿರ ಬಾ. ಮೊದಲು ಅವನ ಕೈಗೆ ನಿನ್ನ ಭಾರ ತಿಳಿಯಲಿ."